ದೇವರ ವಾಕ್ಯದ ವಿದ್ಯಾರ್ಥಿ ಸಂತ ಜೆರೋಮರು

ಸೆಪ್ಟೆಂಬರ್ 30 ಸಂತ ಜೆರೋಮರ ಸ್ಮರಣೆಯ ದಿನ. ಕೈಯಲ್ಲಿ ಲೇಖನಿ, ಕಾಲ ಬಳಿ ಸಿಂಹ ಇರುವ ಅವರ ಚಿತ್ರವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಸಿಂಹದ ಕಥೆ ನಂತರದ ಕಾಲದ ಐತಿಹ್ಯ; ಲೇಖನಿಯ ಕಥೆ ನಿಜ. ದೇವರ ವಾಕ್ಯವನ್ನು ಗೌರವಿಸುವುದೆಂದರೇನು ಎಂಬುದಕ್ಕೆ ಆ ಲೇಖನಿಯೇ ಸಾಕ್ಷಿ.

ಕ್ರಿ.ಶ. 347ರ ಸುಮಾರಿಗೆ ದಲ್ಮಾತಿಯದ ಗಡಿಯ ಸ್ತ್ರಿದೋನ್ ಎಂಬಲ್ಲಿ ಜನಿಸಿದ ಜೆರೋಮರು ರೋಮಿನಲ್ಲಿ ವಿದ್ಯಾಭ್ಯಾಸ ಮಾಡಿದರು. ಸೊಗಸಾದ ಲತೀನ್ ಗದ್ಯಕ್ಕೆ ಮನಸೋತಿದ್ದ ಆ ತರುಣನಿಗೆ ಪ್ರವಾದಿಗಳ ಭಾಷೆ ಒರಟೆನಿಸಿತು. ಮುಂದೆ ಸಿರಿಯದ ಮರುಭೂಮಿಯಲ್ಲಿ ತಪೋಜೀವನ ನಡೆಸುವಾಗ, ಚಂಚಲ ಮನಸ್ಸನ್ನು ಹತೋಟಿಗೆ ತರಲೆಂದು, ಕ್ರೈಸ್ತನಾಗಿದ್ದ ಯೆಹೂದ್ಯನೊಬ್ಬನ ಬಳಿ ಹೀಬ್ರೂ ಕಲಿಯತೊಡಗಿದರು. ಅಕ್ಷರಗಳು ನಾಲಿಗೆಗೆ ಒಗ್ಗದೆ ಹಲವು ಬಾರಿ ಕೈಬಿಟ್ಟರು. ಮತ್ತೆ ಮತ್ತೆ ಕೈಗೆತ್ತಿಕೊಂಡರು.

382ರಲ್ಲಿ ರೋಮಿಗೆ ಮರಳಿದ ಅವರಿಗೆ ಪೋಪ್ ದಮಾಸಸರು ಲತೀನ್ ಶುಭಸಂದೇಶಗಳನ್ನು ಪರಿಷ್ಕರಿಸುವ ಹೊಣೆ ವಹಿಸಿದರು. 384ರಲ್ಲಿ ಪೋಪರು ನಿಧನರಾದರು. ಮೊನಚು ಮಾತಿನಿಂದ ವೈರಿಗಳನ್ನು ಸಂಪಾದಿಸಿಕೊಂಡಿದ್ದ ಜೆರೋಮರು ಮರುವರ್ಷ ರೋಮನ್ನು ತೊರೆದು, 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿದರು. ರೋಮಿನ ಶ್ರೀಮಂತ ವಿಧವೆ ಸಂತ ಪೌಲಾ ಅಲ್ಲಿ ತಮ್ಮ ಸಂಪತ್ತಿನಿಂದ ಮಠಗಳನ್ನು ಕಟ್ಟಿಸಿದರು.

ಅಂದು ಬಳಕೆಯಲ್ಲಿದ್ದ ಲತೀನ್ ಹಳೆಯ ಒಡಂಬಡಿಕೆ ಗ್ರೀಕಿನಿಂದ ಬಂದದ್ದು, ಅನುವಾದದ ಅನುವಾದ. ಮೂಲ ಹೀಬ್ರೂವಿಗೇ ಹೋಗಬೇಕೆಂದು ಜೆರೋಮರು ನಿಶ್ಚಯಿಸಿದರು. ಸ್ವಜನರಿಗೆ ಅಂಜಿ ರಾತ್ರಿಯಲ್ಲಿ ಬರುತ್ತಿದ್ದ ಯೆಹೂದ್ಯ ಗುರುವೊಬ್ಬರಿಂದ ಪಾಠ ಹೇಳಿಸಿಕೊಂಡರು. ಯೆಹೂದ್ಯರ ಬಗ್ಗೆ ಅವರು ಕಟುವಾಗಿ ಬರೆದದ್ದೂ ಉಂಟು. ಆದರೂ ಅವರ ಮುಂದೆಯೇ ಶಿಷ್ಯರಾಗಿ ಕುಳಿತರು. ಸುಮಾರು 390ರಿಂದ 405ರವರೆಗೆ ಈ ಕಾರ್ಯ ನಡೆಯಿತು.

ಕೃತಜ್ಞತೆಗಿಂತ ಆಕ್ಷೇಪಣೆಯೇ ಮೊದಲು ಬಂದಿತು. ಉತ್ತರ ಆಫ್ರಿಕದ ಓಯ ಪಟ್ಟಣದ ದೇವಾಲಯದಲ್ಲಿ ಹೊಸ ಅನುವಾದದಿಂದ ಯೋನನ ಗ್ರಂಥವನ್ನು ಓದಿದಾಗ ಗದ್ದಲವೆದ್ದಿತು. ಯೋನನಿಗೆ ನೆರಳಿತ್ತ ಗಿಡವನ್ನು ಜನರು ಸೋರೆಬಳ್ಳಿಯೆಂದೇ ಕೇಳಿ ಬೆಳೆದಿದ್ದರು. ಜೆರೋಮರು ಅದನ್ನು ಐವಿ ಬಳ್ಳಿ ಎಂದು ಬರೆದಿದ್ದರು. ಸಂತ ಅಗಸ್ಟೀನರು ಈ ಸಂಗತಿಯನ್ನು ಪತ್ರದ ಮೂಲಕ ಅವರಿಗೆ ತಿಳಿಸಿ ಎಚ್ಚರಿಸಿದರು. ಇಂದಿನ ಅನೇಕ ವಿದ್ವಾಂಸರ ಪ್ರಕಾರ ಆ ಗಿಡ ನಮ್ಮ ಹೊಲಗಳ ಅಂಚಿನಲ್ಲಿ ಬೆಳೆಯುವ ಹರಳುಗಿಡ.

ಕೀರ್ತನೆಗಳ ವಿಷಯದಲ್ಲಿ ಇನ್ನೊಂದು ಪಾಠವಿದೆ. ಪೌಲಾ ಮತ್ತು ಅವರ ಮಗಳು ಯೂಸ್ಟೋಕಿಯಂ ಹೀಬ್ರೂ ಕಲಿತು ಕೀರ್ತನೆಗಳನ್ನು ಮೂಲದಲ್ಲೇ ಹಾಡುತ್ತಿದ್ದರು. ಅವರ ಮಠದಲ್ಲಿ ಮುಂಜಾವಿನಿಂದ ನಡುರಾತ್ರಿಯವರೆಗೆ ದಿನಕ್ಕೆ ಆರು ಬಾರಿ ಕೀರ್ತನೆಗಳ ಪ್ರಾರ್ಥನೆ ನಡೆಯುತ್ತಿತ್ತು. ಜೆರೋಮರು ಕೀರ್ತನೆಗಳನ್ನು ಹೀಬ್ರೂವಿನಿಂದಲೂ ಅನುವಾದಿಸಿದರು. ಆದರೆ ಪಶ್ಚಿಮದ ಧರ್ಮಸಭೆ ಶತಮಾನಗಳ ಕಾಲ ಹೆಚ್ಚಾಗಿ ಹಾಡಿದ್ದು ಅದನ್ನಲ್ಲ. ಗ್ರೀಕ್ ಪಾಠವನ್ನು ಆಧರಿಸಿ ಅವರೇ ಮೊದಲು ಪರಿಷ್ಕರಿಸಿದ್ದನ್ನು. ಪ್ರಾರ್ಥಿಸುವ ನಾಲಿಗೆಗೆ ಅದು ಆಗಲೇ ರೂಢಿಯಾಗಿತ್ತು. ವಿದ್ವತ್ತು ಮೂಲವನ್ನು ಅರಸಿತು. ಭಕ್ತಿ ಕಂಠಪಾಠವನ್ನು ಕಾಪಾಡಿತು. ಧರ್ಮಸಭೆ ಎರಡನ್ನೂ ಉಳಿಸಿಕೊಂಡಿತು.

404ರಲ್ಲಿ ಪೌಲಾ ತೀರಿಕೊಂಡರು. 420ರಲ್ಲಿ ಜೆರೋಮರೂ ಬೆತ್ಲೆಹೇಮಿನಲ್ಲೇ ಕಣ್ಣುಮುಚ್ಚಿದರು. ವುಲ್ಗಾತ ಎಂದು ಹೆಸರಾದ ಲತೀನ್ ಬೈಬಲನ್ನು 1546ರಲ್ಲಿ ತ್ರೆಂತ್ ಮಹಾಸಭೆ ಅಧಿಕೃತವೆಂದು ಸಾರಿತು.

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಡೆಯ ನಮ್ಮ ಕುಟುಂಬಗಳಲ್ಲಿ ಈ ಎರಡು ಬಗೆಯ ಗೌರವವೂ ಪರೀಕ್ಷೆಗೆ ಒಳಗಾಗಿದೆ. ಅಜ್ಜಿ ಹಳೆಯ ಕನ್ನಡದಲ್ಲಿ ಜಪ ಹೇಳುತ್ತಾರೆ. ಮೊಮ್ಮಗಳು ಇಂಗ್ಲಿಷಿನಲ್ಲಿ ಶ್ರೀಗ್ರಂಥ ಓದುತ್ತಾಳೆ. ತಂದೆ ರಾತ್ರಿ ಪಾಳಿ ಮುಗಿಸಿ ಬರುವಾಗ ತಾಯಿ ಕೆಲಸಕ್ಕೆ ಹೊರಟಿರುತ್ತಾರೆ. ಒಬ್ಬರ ಮಾತು ಹಳತೆಂದು ನಗುವುದಾಗಲಿ, ಇನ್ನೊಬ್ಬರದು ಹೊಸತೆಂದು ಗದರುವುದಾಗಲಿ ಬೇಡ. ಮೊಮ್ಮಗಳು ಅಜ್ಜಿಯಿಂದ ಒಂದು ಕೀರ್ತನೆಯನ್ನು ಬಾಯಿಪಾಠ ಮಾಡಲಿ. ಅಜ್ಜಿಗೆ ಅದರ ಅರ್ಥವನ್ನು ಓದಿ ತಿಳಿಸಲಿ. ಮನೆಯವರೆಲ್ಲ ಸೇರಲು ಹತ್ತೇ ನಿಮಿಷ ದೊರೆತರೂ ಆ ಒಂದು ಕೀರ್ತನೆಗೆ ಅಷ್ಟು ಸಾಕು. ಅವಸರದಲ್ಲಿ ಹಲವನ್ನು ಹೇಳಿ ಮುಗಿಸುವುದಕ್ಕಿಂತ, ಒಂದನ್ನೇ ನಿಧಾನವಾಗಿ ಹೇಳಿ, ಅರ್ಥವಾಗದ ಪದದ ಬಳಿ ನಿಂತು ವಿಚಾರಿಸುವುದು ಮೇಲು. ಜೆರೋಮರು ಬದುಕಿನುದ್ದಕ್ಕೂ ಮಾಡಿದ್ದು ಅದನ್ನೇ.