ಸುಂಕದಕಟ್ಟೆಯಿಂದ ರಾಷ್ಟ್ರಪೀಠಕ್ಕೆ: ಚೆಸ್ಟರ್ ಆರ್ಥರ್

ಅನ್ಯಾಯದ ಪದ್ಧತಿಯೊಂದರ ಮಡಿಲಲ್ಲಿ ಬೆಳೆದು, ಅದರ ಫಲವನ್ನುಂಡು, ಕಡೆಗೆ ಅದರ ಬೇರಿಗೆ ತಾನೇ ಕೊಡಲಿಯಿಟ್ಟವರು ಚರಿತ್ರೆಯಲ್ಲಿ ವಿರಳ. ಅಮೆರಿಕ ಸಂಯುಕ್ತ ಸಂಸ್ಥಾನದ ೨೧ನೆಯ ಅಧ್ಯಕ್ಷನಾದ ಚೆಸ್ಟರ್ ಅಲನ್ ಆರ್ಥರನು ಅಂಥವರಲ್ಲೊಬ್ಬನು.

ಆತನು ೧೮೨೯ರ ಅಕ್ಟೋಬರ್ ೫ರಂದು ವರ್ಮಾಂಟ್ ಪ್ರಾಂತದ ಫೇರ್‌ಫೀಲ್ಡ್ ಎಂಬಲ್ಲಿ ಜನಿಸಿದನು. ತಂದೆ ಐರ್ಲೆಂಡಿನಿಂದ ವಲಸೆ ಬಂದ ಕ್ರೈಸ್ತ ಧರ್ಮಬೋಧಕ, ಗುಲಾಮಗಿರಿಯ ಕಡುವಿರೋಧಿ. ಮಗನು ಕೆಲಕಾಲ ಉಪಾಧ್ಯಾಯನಾಗಿದ್ದನೆಂಬುದು ನಮ್ಮ ಅಧ್ಯಾಪಕ ಬಂಧುಗಳಿಗೆ ಸಂತಸದ ಸಂಗತಿ. ಅನಂತರ ನ್ಯೂಯಾರ್ಕಿನಲ್ಲಿ ವಕೀಲಿ ವೃತ್ತಿ. ಎಲಿಜಬೆತ್ ಜೆನ್ನಿಂಗ್ಸ್ ಎಂಬ ಕಪ್ಪುವರ್ಣದ ಉಪಾಧ್ಯಾಯಿನಿಯನ್ನು ಕುದುರೆ ಟ್ರಾಮಿನಿಂದ ಬಲಾತ್ಕಾರವಾಗಿ ಹೊರದಬ್ಬಿದಾಗ, ಆಕೆಯ ಪರವಾಗಿ ವಾದಿಸಿ ೧೮೫೫ರಲ್ಲಿ ಜಯ ದೊರಕಿಸಿದವನು ಈ ತರುಣನೇ.

ಆದರೆ ಮುಂದೆ ಹಿಡಿದ ದಾರಿ ಬೇರೆ. ರಿಪಬ್ಲಿಕನ್ ಪಕ್ಷದ ಪ್ರಬಲ ನಾಯಕ ರಾಸ್ಕೋ ಕಾಂಕ್ಲಿಂಗನ ಬಲಗೈಯಾಗಿ, ೧೮೭೧ರಲ್ಲಿ ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯಾದನು. ಆ ಸುಂಕದ ಕಚೇರಿಯಲ್ಲಿ ಸುಮಾರು ಸಾವಿರ ನೌಕರರು. ಯೋಗ್ಯತೆಯನ್ನು ಕೇಳುವವರಿಲ್ಲ, ಪಕ್ಷಕ್ಕೆ ದುಡಿದವನಿಗೆ ನೌಕರಿ, ನೌಕರಿ ಪಡೆದವನು ಸಂಬಳದ ಒಂದು ಪಾಲನ್ನು ಪಕ್ಷದ ಬೊಕ್ಕಸಕ್ಕೆ ಒಪ್ಪಿಸತಕ್ಕದ್ದು. ದಂಡದ ಹಣದಲ್ಲಿ ಅಧಿಕಾರಿಗೂ ಪಾಲಿದ್ದು, ೧೮೭೪ರಲ್ಲಿ ಅದು ನಿಲ್ಲುವವರೆಗೆ ಆರ್ಥರನ ವಾರ್ಷಿಕ ಆದಾಯ ೫೦,೦೦೦ ಡಾಲರುಗಳನ್ನು ಮುಟ್ಟುತ್ತಿತ್ತು. ಸ್ವತಃ ಲಂಚ ಪಡೆದನೆಂದು ಯಾರೂ ಸಾಧಿಸಲಿಲ್ಲ, ನಿಜ. ಕಟ್ಟೆಯೇ ಕೊಳೆತಿರುವಾಗ ಕಟ್ಟೆಯ ಯಜಮಾನನ ಕೈ ಶುದ್ಧವಿದ್ದರೇನು? ೧೮೭೭ರಲ್ಲಿ ವಿಚಾರಣೆ ನಡೆಯಿತು. ಮರುವರ್ಷ ಅಧ್ಯಕ್ಷ ಹೇಸ್ ಆತನನ್ನು ಪದಚ್ಯುತಗೊಳಿಸಿದನು.

ಇಂಥವನು ೧೮೮೦ರಲ್ಲಿ ಪಕ್ಷದ ಒಳಜಗಳವನ್ನು ಸಂತೈಸುವ ಸಲುವಾಗಿ ಉಪಾಧ್ಯಕ್ಷನಾದನು. ೧೮೮೧ರ ಜುಲೈ ೨ರಂದು, ನೌಕರಿ ಸಿಗದೆ ಹತಾಶನಾದ ಗಿಟೋ ಎಂಬಾತನು ಅಧ್ಯಕ್ಷ ಗಾರ್ಫೀಲ್ಡನಿಗೆ ಗುಂಡಿಕ್ಕಿದನು. ಹಂತಕನು ತನ್ನನ್ನು ಆರ್ಥರನ ಬಣದವನೆಂದು ಘೋಷಿಸಿಕೊಂಡದ್ದರಿಂದ ದೇಶವೇ ಉಪಾಧ್ಯಕ್ಷನನ್ನು ಶಂಕೆಯಿಂದ ನೋಡಿತು. ಆ ಸಂಕಟದ ದಿನಗಳಲ್ಲಿ ಜೂಲಿಯಾ ಸ್ಯಾಂಡ್ ಎಂಬ, ರೋಗದಿಂದ ಮನೆಹಿಡಿದಿದ್ದ ಅಪರಿಚಿತ ಮಹಿಳೆಯೊಬ್ಬಳು ಆತನಿಗೆ ಪತ್ರ ಬರೆದು, ಹಳೆಯ ಸಹವಾಸವನ್ನು ತೊರೆದು ಯೋಗ್ಯನಾಗಬೇಕೆಂದು ನಿರ್ದಾಕ್ಷಿಣ್ಯವಾಗಿ ಬುದ್ಧಿ ಹೇಳಿದಳು. ಗಾರ್ಫೀಲ್ಡನು ಸೆಪ್ಟೆಂಬರ್ ೧೯ರಂದು ತೀರಿಕೊಂಡನು, ಆರ್ಥರನು ಅಧ್ಯಕ್ಷನಾದನು. ಮರುವರ್ಷ ಆಗಸ್ಟಿನಲ್ಲಿ ತಾನೇ ಅವಳ ಮನೆಬಾಗಿಲಿಗೆ ಹೋಗಿ ಕಂಡುಬಂದನು.

ಹಳೆಯ ಮಿತ್ರರು ನಿರೀಕ್ಷಿಸಿದ ಸುಗ್ಗಿ ಬರಲಿಲ್ಲ. ೧೮೮೩ರ ಜನವರಿ ೧೬ರಂದು ಆರ್ಥರನು ಪೆಂಡಲ್‌ಟನ್ ಶಾಸನಕ್ಕೆ ಅಂಕಿತ ಹಾಕಿದನು. ಪರೀಕ್ಷೆಯ ಮೂಲಕ ನೇಮಕ, ನೌಕರರಿಂದ ಪಕ್ಷಕ್ಕೆ ವಂತಿಗೆ ವಸೂಲಿಯ ನಿಷೇಧ, ಮೇಲ್ವಿಚಾರಣೆಗೊಂದು ಆಯೋಗ ಅದರ ಸಾರ. ಮೊದಲಿಗೆ ಅದರ ವ್ಯಾಪ್ತಿಗೆ ಬಂದುವು ನೂರಕ್ಕೆ ಹತ್ತರಷ್ಟು ಹುದ್ದೆಗಳು ಮಾತ್ರ, ವಿಸ್ತಾರ ಮುಂದಿನವರಿಂದಾಯಿತು. ೧೮೮೨ರಲ್ಲಿ ಚೀನೀ ಶ್ರಮಿಕರ ಪ್ರವೇಶವನ್ನು ಹತ್ತು ವರ್ಷ ನಿಷೇಧಿಸುವ ಶಾಸನಕ್ಕೂ ಇದೇ ಕೈ ಸಹಿ ಮಾಡಿತೆಂಬುದನ್ನು ಮರೆಮಾಚಲಾಗದು.

ಮೂತ್ರಪಿಂಡದ ವ್ಯಾಧಿಯನ್ನು ಲೋಕಕ್ಕೆ ತಿಳಿಯಗೊಡದೆ ರಾಜ್ಯಭಾರ ನಡೆಸಿದನು. ೧೮೮೪ರಲ್ಲಿ ಪಕ್ಷವು ಆತನನ್ನು ಮತ್ತೆ ಹುರಿಯಾಳಾಗಿ ಆರಿಸಲಿಲ್ಲ. ೧೮೮೬ರ ನವೆಂಬರ್ ೧೮ರಂದು ನ್ಯೂಯಾರ್ಕಿನಲ್ಲಿ ನಿಧನನಾದನು. ಸಾಯುವ ಮುನ್ನ ತನ್ನ ಕಾಗದಪತ್ರಗಳನ್ನೆಲ್ಲ ಸುಡಿಸಿದನು. ಜೂಲಿಯಾಳ ೨೩ ಪತ್ರಗಳು ಆ ಬೆಂಕಿಗೆ ಬೀಳದೆ ಉಳಿದು, ಈಗ ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯದಲ್ಲಿವೆ.