ಮರಿಯಾ ಆ್ಯನ್ ಸ್ಮಿತ್

ಮರಿಯಾ ಆ್ಯನ್ ಸ್ಮಿತ್ (೧೭೯೯ - ಮಾರ್ಚ್ ೯, ೧೮೭೦) ಇಂಗ್ಲೆಂಡಿನಲ್ಲಿ ಜನಿಸಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಹಣ್ಣಿನ ಬೆಳೆಗಾರ್ತಿ. ಹಸಿಯಾಗಿ ತಿನ್ನಲೂ ಬೇಯಿಸಿ ಬಳಸಲೂ ಒದಗುವ 'ಗ್ರ್ಯಾನಿ ಸ್ಮಿತ್' ಎಂಬ ಹಸಿರು ಸೇಬಿನ ತಳಿ ಇವರ ತೋಟದಲ್ಲಿ ಹುಟ್ಟಿತು. 'ಗ್ರ್ಯಾನಿ' ಎಂದರೆ ಅಜ್ಜಿ.

ಜೀವನ

ಮರಿಯಾ ಸಸೆಕ್ಸ್ ಪ್ರಾಂತ್ಯದ ಪೀಸ್‌ಮಾರ್ಷ್ ಗ್ರಾಮದ ಕೃಷಿಕಾರ್ಮಿಕ ಕುಟುಂಬದಲ್ಲಿ ಜನಿಸಿದರು. ತವರಿನ ಮನೆತನದ ಹೆಸರು ಶೆರ್‌ವುಡ್. ೧೮೧೯ರಲ್ಲಿ ಕೃಷಿಕಾರ್ಮಿಕರಾಗಿದ್ದ ಥಾಮಸ್ ಸ್ಮಿತ್ ಅವರನ್ನು ವಿವಾಹವಾದರು. ಇಂಗ್ಲೆಂಡಿನಲ್ಲಿ ಹುಟ್ಟಿದ ಎಂಟು ಮಕ್ಕಳಲ್ಲಿ ಮೂವರು ಎಳವೆಯಲ್ಲೇ ತೀರಿಕೊಂಡರು. ಉಳಿದ ಐವರು ಮಕ್ಕಳೊಡನೆ ದಂಪತಿಗಳು 'ಲೇಡಿ ನ್ಯೂಜೆಂಟ್' ಹಡಗಿನಲ್ಲಿ ಪ್ರಯಾಣಿಸಿ ೧೮೩೮ರ ನವೆಂಬರ್ ೨೭ರಂದು ಸಿಡ್ನಿ ತಲುಪಿದರು. ಮೊದಲು ರೈಡ್ ಪ್ರದೇಶದಲ್ಲಿ ದುಡಿದು, ೧೮೫೦ರ ದಶಕದ ಮಧ್ಯಭಾಗದಲ್ಲಿ ಈಗಿನ ಈಸ್ಟ್‌ವುಡ್‌ನಲ್ಲಿ ೨೪ ಎಕರೆ ಜಮೀನು ಕೊಂಡು ಹಣ್ಣಿನ ತೋಟ ಬೆಳೆಸಿದರು.

ಸೇಬಿನ ಸಸಿ

ಈ ತಳಿಯ ಹುಟ್ಟಿನ ಬಗ್ಗೆ ಹಲವು ಕಥೆಗಳಿವೆ. ೧೯೨೪ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ, ೧೮೬೮ರಲ್ಲಿ ಬಾಲಕರಾಗಿದ್ದ ನೆರೆಯ ಬೆಳೆಗಾರರೊಬ್ಬರ ನೆನಪು ದಾಖಲಾಗಿದೆ. ಅದರ ಪ್ರಕಾರ, ಟಾಸ್ಮೇನಿಯಾದಿಂದ ಬಂದ 'ಫ್ರೆಂಚ್ ಕ್ರ್ಯಾಬ್' ಸೇಬುಗಳ ಶೇಷವನ್ನು ಎಸೆದಿದ್ದ ಹಳ್ಳದ ದಡದಲ್ಲಿ ಆ ಸಸಿ ತಾನಾಗಿಯೇ ಬೆಳೆದಿತ್ತು. ಮರಿಯಾ ಅದನ್ನು ನೆರೆಯವರಿಗೆ ತೋರಿಸಿದ್ದರು.

ಸೇಬಿನ ಬೀಜದಿಂದ ಹುಟ್ಟುವ ಗಿಡ ತಾಯಿಮರದ ಗುಣವನ್ನೇ ಹೊಂದಿರುವುದಿಲ್ಲ. ಹಾಗಾಗಿ ತಳಿಯನ್ನು ಉಳಿಸಲು ಕಸಿ ಕಟ್ಟುವುದೇ ಮಾರ್ಗ. ಸಸಿ ಬೆಳಕಿಗೆ ಬಂದ ಎರಡು ವರ್ಷಗಳೊಳಗೆ ಮರಿಯಾ ನಿಧನರಾದರು. ನೆರೆಯ ಬೆಳೆಗಾರರು ಅದನ್ನು ಬೆಳೆಸದೇ ಹೋಗಿದ್ದರೆ ತಳಿಯೂ ಅಲ್ಲಿಗೇ ಅಳಿಯುತ್ತಿತ್ತು. ಅವರಲ್ಲಿ ಎಡ್ವರ್ಡ್ ಗ್ಯಾಲರ್ಡ್ ಪ್ರಮುಖರು. ಅವರು ಈ ಮರಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ನೆಟ್ಟು ಹಣ್ಣನ್ನು ಸ್ಥಳೀಯವಾಗಿ ಮಾರಾಟ ಮಾಡಿದರು.

ಪ್ರಸಿದ್ಧಿ

ಈ ಹಣ್ಣು ೧೮೯೦ರಲ್ಲಿ ಕ್ಯಾಸಲ್ ಹಿಲ್ ಕೃಷಿ ಪ್ರದರ್ಶನದಲ್ಲಿ ಕಾಣಿಸಿಕೊಂಡು, ಮರುವರ್ಷ ಅಡುಗೆಯ ಸೇಬುಗಳ ವಿಭಾಗದಲ್ಲಿ ಬಹುಮಾನ ಪಡೆಯಿತು. ೧೮೯೫ರಲ್ಲಿ ನ್ಯೂ ಸೌತ್ ವೇಲ್ಸ್‌ನ ಕೃಷಿ ಇಲಾಖೆ ತಳಿಗೆ ಮಾನ್ಯತೆ ನೀಡಿತು. ಗಟ್ಟಿ ತಿರುಳು ಮತ್ತು ಹುಳಿರುಚಿಯ ಈ ಹಣ್ಣು ಬೇಯಿಸಿದಾಗಲೂ ಸುಲಭವಾಗಿ ಕರಗುವುದಿಲ್ಲ. ಬಹುಕಾಲ ಕೆಡದೆ ಉಳಿಯುವುದರಿಂದ ದೂರದೇಶಗಳಿಗೆ ಹಡಗಿನಲ್ಲಿ ಕಳುಹಿಸಲು ಅನುಕೂಲವಾಯಿತು.

ಸ್ಮರಣೆ

ಮರಿಯಾ ಅವರ ಸಮಾಧಿ ರೈಡ್‌ನ ಸೇಂಟ್ ಆ್ಯನ್ಸ್ ಚರ್ಚಿನ ಆವರಣದಲ್ಲಿದೆ. ಈಸ್ಟ್‌ವುಡ್‌ನಲ್ಲಿ ಇವರ ಹೆಸರಿನ ಸ್ಮಾರಕ ಉದ್ಯಾನವಿದೆ. ಅಲ್ಲಿ ೧೯೮೫ರಿಂದ 'ಗ್ರ್ಯಾನಿ ಸ್ಮಿತ್ ಉತ್ಸವ' ನಡೆಯುತ್ತಾ ಬಂದಿದೆ.