ಕಿಳ್ಳೇಕ್ಯಾತ, ಬಂಗಾರಕ್ಕ: ತೊಗಲು ಗೊಂಬೆಯಾಟದ ನಗೆಜೋಡಿ

ಬಳ್ಳಾರಿ ಸೀಮೆಯ ತೊಗಲು ಗೊಂಬೆಯಾಟದಲ್ಲಿ ರಾಮ ರಾವಣರಿಗಿಂತ ಮೊದಲೇ ಪರದೆಗೆ ಬರುವವರು ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ಗಣಪತಿ, ಶಾರದೆಯರ ಸ್ತುತಿ ಮುಗಿಯುತ್ತಿದ್ದಂತೆ ಈ ಜೋಡಿ ಕುಣಿಯುತ್ತ ಬಂದು ಜಗಳಕ್ಕೆ ನಿಲ್ಲುತ್ತದೆ. ವಾಲ್ಮೀಕಿಯ ಕಥೆಯಲ್ಲಾಗಲಿ ವ್ಯಾಸರ ಕಥೆಯಲ್ಲಾಗಲಿ ಇವರಿಲ್ಲ. ಆದರೂ ಆಟ ನೋಡಲು ಕೂತ ಮಕ್ಕಳು ಕಾಯುವುದು ಇವರಿಗಾಗಿಯೇ.

ಗೊಂಬೆ ಮಾಡುವುದು ಆಡಿನ ಚರ್ಮದಿಂದ. ಚರ್ಮವನ್ನು ಹದಮಾಡಿ, ಬೆಳಕು ತೂರುವಷ್ಟು ತೆಳುವಾಗಿಸುತ್ತಾರೆ. ಒಡವೆ, ಬಟ್ಟೆಯ ಅಂಚು, ಕಿರೀಟದ ಕುಸುರಿ ಕಾಣುವಂತೆ ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು, ಎರಡೂ ಬದಿಗೆ ಬಣ್ಣ ಹಚ್ಚುತ್ತಾರೆ. ಬಿಳಿ ಪರದೆಯ ಹಿಂದೆ ದೀಪವಿಟ್ಟಾಗ ಮುಂದೆ ಕೂತವರಿಗೆ ಕಾಣುವುದು ಕಪ್ಪು ನೆರಳಲ್ಲ, ಕೆಂಪು ಹಸಿರು ಬಣ್ಣಗಳ ನೆರಳು. ದೇವರು, ರಾಜರ ದೊಡ್ಡ ಗೊಂಬೆಗಳಲ್ಲಿ ಕೆಲವು ಸಿಂಹಾಸನ, ಪರಿವಾರ ಸಮೇತ ಒಂದೇ ತೊಗಲಿನಲ್ಲಿರುತ್ತವೆ. ಅವು ಗಂಭೀರವಾಗಿ ನಿಲ್ಲುತ್ತವೆ. ಕಿಳ್ಳೇಕ್ಯಾತ ಹಾಗಲ್ಲ. ಅವನ ಕೈಕಾಲುಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ ದಾರದಿಂದ ಕಟ್ಟಿರುತ್ತಾರೆ. ಕಪ್ಪು ಮೈ, ಮುಂದೆ ಬಂದ ಹೊಟ್ಟೆ, ಮಾತಿಗೊಮ್ಮೆ ಹಾರುವ ಕೈಕಾಲು ನೋಡಿದರೆ ಸಾಕು, ನಗು ಬರುತ್ತದೆ.

ಆಟ ನಡೆಯುವ ಊರಿನ ಸುದ್ದಿ ಅವನ ಬಾಯಿಗೆ ಬರಲೇಬೇಕು. ಸಿರುಗುಪ್ಪದ ಕಡೆಯಾದರೆ ತುಂಗಭದ್ರೆಯ ಕಾಲುವೆ ನೀರು, ಭತ್ತದ ಗದ್ದೆ. ಕುರುಗೋಡಿನಲ್ಲಾದರೆ ದೊಡ್ಡಬಸವೇಶ್ವರನ ತೇರು. ಬಳ್ಳಾರಿ ಪೇಟೆಯಲ್ಲಾದರೆ ಕೋಟೆ ಗುಡ್ಡ, ತಲೆ ಸುಡುವ ಬಿಸಿಲು. ಇಂಥ ಮಾತನ್ನು ಯಾರೂ ಮೊದಲೇ ಬರೆದಿಟ್ಟುಕೊಳ್ಳುವುದಿಲ್ಲ. ಆಡಿಸುವವರು ಪರದೆಯ ಹಿಂದೆ ನಿಂತಲ್ಲೇ ಕಟ್ಟುತ್ತಾರೆ. ಬಂಗಾರಕ್ಕನ ಮಾತಿಗೂ ಹಾಡಿಗೂ ದನಿ ಕೊಡುವವರು ಸಾಮಾನ್ಯವಾಗಿ ಆ ಮನೆಯ ಹೆಂಗಸರೇ. ಇಡೀ ಕುಟುಂಬ ಸೇರಿ ಆಡಿಸುವ ಆಟ ಇದು. ಹಾಸ್ಯಗಾರನ ಹೆಸರೇ ಈ ಕಲಾವಿದರ ಸಮುದಾಯಕ್ಕೂ ನಿಂತಿದೆ.

ಹಳೆಯ ಹಾಡಿಗೆ ಊರಿನ ಬಣ್ಣ ಬಳಿದು ನಗಿಸುವ ಈ ಜಾಣ್ಮೆ ಕೆನಡಾದಲ್ಲಿ ಬೆಳೆಯುವ ಕನ್ನಡ ಮಕ್ಕಳಿಗೆ ಹೊಸದೇನಲ್ಲ. ಕ್ರಿಸ್ಮಸ್ಸಿನ ಹನ್ನೆರಡು ದಿನಗಳ ಉಡುಗೊರೆಯನ್ನು ಎಣಿಸುವ ಇಂಗ್ಲಿಷ್ ಹಾಡು 1780ರ ಸುಮಾರಿಗೆ ಲಂಡನ್ನಿನಲ್ಲಿ ಅಚ್ಚಾಯಿತು. ಈಗ ಎಲ್ಲರೂ ಹಾಡುವ ಧಾಟಿಯನ್ನು 1909ರಲ್ಲಿ ಫ್ರೆಡರಿಕ್ ಆಸ್ಟಿನ್ ರೂಪಿಸಿದರು. ಕೆನಡಾದ ಲೇಖಕಿ ಹೆಲೇನ್ ಬೆಕರ್ 2010ರಲ್ಲಿ ಅದೇ ಹಾಡನ್ನು ತಮ್ಮ ನಾಡಿಗೆ ತಂದು, 'ಎ ಪಾರ್ಕ್ಯುಪೈನ್ ಇನ್ ಎ ಪೈನ್ ಟ್ರೀ' ಎಂಬ ಮಕ್ಕಳ ಚಿತ್ರಪುಸ್ತಕ ಮಾಡಿದರು. ಪಿಯರ್ ಹಣ್ಣಿನ ಮರದ ಮೇಲಿದ್ದ ಕೌಜುಗದ ಹಕ್ಕಿ ಹೋಗಿ, ಪೈನ್ ಮರದ ಮೇಲೆ ಮುಳ್ಳುಹಂದಿ ಬಂತು. ಚಿನ್ನದ ಉಂಗುರಗಳ ಜಾಗಕ್ಕೆ ಐಸ್ ಹಾಕಿಯ ಸ್ಟಾನ್ಲಿ ಕಪ್ಪುಗಳು ಬಂದವು. ಎಣಿಕೆ ಅದೇ, ಧಾಟಿ ಅದೇ, ಊರು ಮಾತ್ರ ಬೇರೆ. ಕಿಳ್ಳೇಕ್ಯಾತ ರಾಮಾಯಣದ ನಡುವೆ ಮಾಡುವುದೂ ಇದನ್ನೇ. ಕಥೆ ಕೆಡುವುದಿಲ್ಲ, ನೋಡುವವರಿಗೆ ಹತ್ತಿರವಾಗುತ್ತದೆ.

ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಈ ಕಲೆಯನ್ನು ಇನ್ನೂ ಮುಂದೆ ಒಯ್ದರು. ರಂಗಭೂಮಿಯ ನಟರೂ ಆಗಿದ್ದ ಅವರು ಪುರಾಣದ ಕಥೆಗಳ ಜೊತೆಗೆ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯ ಬದುಕನ್ನೂ ತೊಗಲು ಗೊಂಬೆಗಳಲ್ಲಿ ಆಡಿಸಿದರು. ಕೋಟು, ಟೋಪಿ ತೊಟ್ಟ ಬ್ರಿಟಿಷ್ ಅಧಿಕಾರಿಯೂ ರಾವಣನ ಪರದೆಯ ಮೇಲೆ ಬರಬಹುದೆಂದು ತೋರಿಸಿದ್ದು ದೊಡ್ಡ ಕೆಲಸ. ಅವರು 2023ರಲ್ಲಿ ತೀರಿಕೊಂಡರು.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೂ ರಾಮನಗರದ ಜಾನಪದ ಲೋಕದಲ್ಲೂ ಹಳೆಯ ತೊಗಲು ಗೊಂಬೆಗಳಿವೆ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು; ಎಲ್ಲಾದರೂ ಆಟ ನಡೆಯುತ್ತಿದ್ದರೆ ಅದನ್ನೇ ಮೊದಲು ತೋರಿಸಬೇಕು.